ತವರಿನಿಂದ ತಂದ ಉಬ್ಬಸ

ನನ್ನ ಉಬ್ಬಸ ಯಾವಾಗ ಶುರುವಾಯಿತೆಂದು ಆಸ್ಪತ್ರೆಯಲ್ಲಿ ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಶಿಕಾರಿಪುರದಿಂದ ಶಿವಮೊಗ್ಗಕ್ಕೆ ಬಾಡಿಗೆ ಕಾರಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ ಕಿಟಕಿಯ ಅಂಚು ಹಿಡಿದು ಕೂತಿದ್ದೆ. ಒಂದು ಉಸಿರು ಒಳಗೆ ಹೋದರೆ ಇನ್ನೊಂದರ ಗ್ಯಾರಂಟಿ ಇರಲಿಲ್ಲ. ಡ್ಯೂಟಿಯಲ್ಲಿದ್ದ ಎಳೆಯ ಡಾಕ್ಟರು ನನ್ನ ಮುಖಕ್ಕೆ ಆಕ್ಸಿಜನ್ ಮಾಸ್ಕ್ ಕಟ್ಟಿ, ಪೆನ್ನು ತೆಗೆದು, ಪಕ್ಕದಲ್ಲಿ ನಿಂತಿದ್ದ ನನ್ನ ಅತ್ತೆಯನ್ನು ಕೇಳಿದರು: "ಎಷ್ಟು ದಿನದಿಂದ ಇದೆ ಇದು?"

"ಹುಟ್ಟಿದಾಗ್ಲಿಂದ ಐತ್ರೀ," ಎಂದರು ಅತ್ತೆ. "ತವರಿಂದಾನೇ ತಂದಾಳೆ."

ಡಾಕ್ಟರು ಬರೆದುಕೊಂಡರು. ನಾನು ಕೇಳಿಸಿಕೊಂಡೆ. ಮಾಸ್ಕ್ ಇಲ್ಲದಿದ್ದರೂ ನಾನು ತಿದ್ದುತ್ತಿರಲಿಲ್ಲ ಎಂಬುದನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಆ ಮಾತು ನನಗೆ ಅಷ್ಟು ಹಳೆಯದಾಗಿತ್ತು.

ನಮ್ಮ ಕಡೆಯ ಮನೆಗಳಲ್ಲಿ ಸೊಸೆಯದ್ದು ಏನು ಕೆಟ್ಟರೂ ಅದರ ಊರು ಅವಳ ತವರು. ಹಲ್ಲು ಹುಳುಕಾದರೆ ತವರಿನ ನೀರು. ಸಾರಿಗೆ ಉಪ್ಪು ಹೆಚ್ಚಾದರೆ ತವರಿನ ಕೈ. ಮಗು ರಾತ್ರಿ ಅತ್ತರೆ ಸೋದರಮಾವನ ಹಟ. ನಾನು ಸೊರಬದ ಕಡೆಯವಳು, ಹಾಗಾಗಿ ನನ್ನ ದೋಷಗಳೆಲ್ಲ ಸೊರಬದ ಬಸ್ಸಿನಲ್ಲೇ ಬಂದಿಳಿದಿದ್ದವು. ಇದರಲ್ಲಿ ಅತ್ತೆಗೆ ದ್ವೇಷವೇನೂ ಇರಲಿಲ್ಲ. ಸೆಕೆ ಜಾಸ್ತಿ ಎಂದು ಹೇಳುವಂತೆ ಹೇಳುತ್ತಿದ್ದರು. ಹೇಳಿ ಮರೆತು, ಅದೇ ಗಳಿಗೆಯಲ್ಲಿ ನನಗೆ ತಟ್ಟೆಗೆ ಬಡಿಸುತ್ತಿದ್ದರು. ನಾನೂ ಕೇಳಿ ಮರೆಯುವುದನ್ನು ಕಲಿತಿದ್ದೆ. ಆದರೆ ಮನೆಯೊಳಗಿನ ಮಾತು ಯಾವತ್ತೋ ಒಂದು ದಿನ ಆಸ್ಪತ್ರೆಯ ಕಡತದಲ್ಲಿ ಇಂಗ್ಲಿಷಾಗಿ ಕೂತುಬಿಡುತ್ತದೆಂದು ಯಾರಿಗೆ ಗೊತ್ತಿತ್ತು?

ನಮ್ಮದು ಮಂಡಕ್ಕಿ ಭಟ್ಟಿಯ ಮನೆ. ಮನೆಯ ಹಿಂದೆ ಶೀಟು ಹೊದಿಸಿದ ಉದ್ದನೆಯ ಕೊಟ್ಟಿಗೆ, ಅದರಲ್ಲಿ ಎರಡು ಒಲೆ, ಒಲೆಯ ಮೇಲೆ ಮರಳು ಕಾಯಿಸುವ ಕಬ್ಬಿಣದ ಬಾಣಲೆ. ಉಪ್ಪು ನೀರು ಹಾಕಿ ಹದ ಮಾಡಿದ ಅಕ್ಕಿ ಕಾದ ಮರಳಿಗೆ ಬಿದ್ದೊಡನೆ ಅರಳುತ್ತದೆ, ಅದನ್ನು ಆ ಕ್ಷಣಕ್ಕೆ ಜರಡಿಗೆ ತೆಗೆಯಬೇಕು. ಹುರಿಯುವುದು ಕೂಲಿ ಹೆಂಗಸರ ಕೆಲಸ. ಬೆಂಕಿ ನೋಡುವುದು ಮನೆಯವರದು, ಏಕೆಂದರೆ ಬೆಂಕಿಯ ಹದ ತಪ್ಪಿದರೆ ಇಡೀ ಮಾಲು ಕರಿದಾಗುತ್ತದೆ. ಭತ್ತದ ಹೊಟ್ಟನ್ನು ಹಿಡಿ ಹಿಡಿಯಾಗಿ ಒಲೆಯ ಬಾಯಿಗೆ ಎರಚುತ್ತಲೇ ಇರಬೇಕು. ನಿಲ್ಲಿಸಿದರೆ ಉರಿ ಕುಸಿದು ಹೊಗೆ ಏಳುತ್ತದೆ, ಹೆಚ್ಚು ಹಾಕಿದರೂ ಹೊಗೆ ಏಳುತ್ತದೆ. ಮದುವೆಯಾಗಿ ಬಂದ ಎರಡನೆಯ ತಿಂಗಳಿನಿಂದ ಹನ್ನೆರಡು ವರ್ಷ ಆ ಒಲೆಯ ಬಾಯಲ್ಲಿ ನಾನು ಕೂತಿದ್ದೆ. ನನಗಿಂತ ಮುಂಚೆ ಅತ್ತೆ ಕೂತಿದ್ದರು.

ನನಗೆ ಕೆಮ್ಮು ಅಂಟಿಕೊಂಡದ್ದು ಎರಡನೆಯ ಹೆರಿಗೆಯ ನಂತರ. ಮೊದಲು ಬೆಳಿಗ್ಗೆ ಮಾತ್ರ ಬರುತ್ತಿತ್ತು, ಆಮೇಲೆ ಹೊತ್ತುಗೊತ್ತಿಲ್ಲದೆ. ಬಾವಿಯಿಂದ ಹಿತ್ತಿಲ ಬಾಗಿಲಿಗೆ ಬರುವಷ್ಟರಲ್ಲಿ ಕೊಡ ಇಳಿಸಿ ನಿಲ್ಲುವಂತಾಯಿತು. ಅತ್ತೆಗೂ ಕೆಮ್ಮಿತ್ತು, ಬೆಳಿಗ್ಗೆ ಕಾಲು ಗಂಟೆ ಕೆಮ್ಮದೆ ಅವರ ದಿನ ಶುರುವಾಗುತ್ತಿರಲಿಲ್ಲ. ಅದನ್ನು ಮಾತ್ರ ಯಾರೂ ಕಾಯಿಲೆ ಎನ್ನುತ್ತಿರಲಿಲ್ಲ. ಮನೆಯ ಹಿರಿಯರ ಸದ್ದು, ಅಷ್ಟೆ.

ಶಿವಮೊಗ್ಗದ ಹಿರಿಯ ಡಾಕ್ಟರು ಎಕ್ಸ್‌ರೇ ನೋಡಿ, ಊದಿಸಿ ಪರೀಕ್ಷೆ ಮಾಡಿ, ನನ್ನ ಕೈ ಮೂಸಿ ನೋಡಿದಂತೆ ಕೇಳಿದರು, "ಏನಮ್ಮ ಕೆಲಸ ನಿಮ್ಮದು?" ಭಟ್ಟಿ ಎಂದೆ. ಅವರು ತಲೆಯಾಡಿಸಿದರು. ಶ್ವಾಸದ ಕೊಳವೆಗಳು ಹೊಗೆಗೆ ಕೆಟ್ಟಿವೆ, ಕೆಟ್ಟದ್ದು ಮತ್ತೆ ಮೊದಲಿನಂತಾಗುವುದಿಲ್ಲ, ಇನ್ನೂ ಕೆಡದಂತೆ ಹಿಡಿದಿಡಬಹುದು ಎಂದರು. ಬಾಯಿಗೆ ಒತ್ತಿಕೊಳ್ಳುವ ಎರಡು ಪಂಪು ಬರೆದುಕೊಟ್ಟರು. ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ಜೀವ ಇರುವ ತನಕ. ಪಂಪು ಇದ್ದ ದಿನ ನಾನು ಅಡಿಗೆ ಮಾಡಿ ಮಕ್ಕಳನ್ನು ಶಾಲೆಗೆ ಕಳಿಸಬಲ್ಲೆ. ಇಲ್ಲದ ದಿನ ಮಗಳ ಜಡೆ ಹೆಣೆಯಲೂ ಆಗದು, ತೋಳು ಎತ್ತಿದರೆ ಉಸಿರು ನಿಲ್ಲುತ್ತದೆ.

ನನ್ನ ಗಂಡ ಬಿತ್ತನೆ ಬೀಜದ ಖಾಸಗಿ ಗೋದಾಮೊಂದರಲ್ಲಿ ಸ್ಟೋರ್ ಕೀಪರ್. ತೊಂಬತ್ತರ ದಶಕದ ಆ ವರ್ಷಗಳಲ್ಲಿ ಅಲ್ಲಿನ ಮಾಲೀಕರು ನೌಕರರಿಗೆ, ಅವರ ಹೆಂಡತಿ ಮಕ್ಕಳಿಗೆ ಆರೋಗ್ಯ ವಿಮೆ ಮಾಡಿಸಿದ್ದರು. ದೀರ್ಘ ಕಾಯಿಲೆಯಾದರೆ ತಿಂಗಳ ಔಷಧಿಯೂ ಅದರಲ್ಲಿ ಬರುತ್ತದೆಂದು ಹೇಳಿದ್ದರು. ಆ ಪಂಪುಗಳನ್ನು ತಿಂಗಳು ತಿಂಗಳು ಕೈಯಿಂದ ಕೊಳ್ಳುವ ಶಕ್ತಿ ನಮಗಿರಲಿಲ್ಲ. ವಿಮೆ ಇದೆಯಲ್ಲ ಎಂದು ನಾವು ನೆಮ್ಮದಿಯಾಗಿದ್ದೆವು.

ಒಂದೂವರೆ ತಿಂಗಳ ಮೇಲೆ ವಿಮೆಯವರ ಇಂಗ್ಲಿಷ್ ಕಾಗದ ಬಂತು. ಗಂಡ ಅದನ್ನು ಎರಡು ಸಲ ಮನಸ್ಸಿನಲ್ಲೇ ಓದಿಕೊಂಡು, ಮೂರನೆಯ ಸಲ ನನಗೆ ಕನ್ನಡದಲ್ಲಿ ಹೇಳಿದರು. ರೋಗಿಗೆ ಈ ಕಾಯಿಲೆ ಬಾಲ್ಯದಿಂದ ಇದೆ ಎಂದು ಆಸ್ಪತ್ರೆಯ ದಾಖಲೆಯಲ್ಲೇ ಇದೆ, ವಿಮೆ ಶುರುವಾಗುವ ಮುಂಚೆಯೇ ಇದ್ದ ಕಾಯಿಲೆಗೆ ಔಷಧಿ ಸಹಿತ ಏನೂ ಸಲ್ಲುವುದಿಲ್ಲ, ಒಪ್ಪಿಗೆಯಿಲ್ಲದಿದ್ದರೆ ಮೇಲ್ಮನವಿ ಸಲ್ಲಿಸಬಹುದು. ಅಷ್ಟು ಹೇಳಿ ಅವರು ಕಾಗದವನ್ನು ಮೊದಲಿದ್ದಂತೆಯೇ ಮಡಿಸಿದರು.

"ಹೋಗ್ಲಿ ಬಿಡು," ಎಂದರು. "ಆಸ್ಪತ್ರೆಯೋರು ಬರೆದಿದ್ದನ್ನ ನಾವು ಅಳಿಸೋಕೆ ಆಗುತ್ತಾ?"

ಆಸ್ಪತ್ರೆಯವರು ಬರೆದದ್ದಲ್ಲ, ನಿಮ್ಮ ತಾಯಿ ಬರೆಸಿದ್ದು ಎಂದು ಬಾಯಿಗೆ ಬಂತು. ಅವರಿಗೂ ಅದು ಗೊತ್ತಿತ್ತು. ಗೋದಾಮಿನಲ್ಲಿ ಲಾರಿ ಡ್ರೈವರುಗಳ ಮೇಲೆ ಹಾರಾಡುವ ಮನುಷ್ಯ ಅವ್ವನ ಮುಂದೆ ನಿಂತರೆ ಬಾಯಿಗೆ ಬೀಗ. ಆ ದಿನ ನನಗೆ ಗಂಡನ ಮೇಲೆ ಬಂದ ಸಿಟ್ಟು ಅತ್ತೆಯ ಮೇಲೆ ಬಂದದ್ದಕ್ಕಿಂತ ಹೆಚ್ಚಿನದು. ಆದರೆ ಸಿಟ್ಟು ಮಾಡುವುದಕ್ಕೂ ಉಸಿರು ಬೇಕಲ್ಲ. ಸುಮ್ಮನೆ ಹೋಗಿ ಮಲಗಿದೆ.

ಅವತ್ತಿನಿಂದ ಎರಡು ಸಲ ಒತ್ತುವ ಕಡೆ ಒಂದು ಸಲ ಒತ್ತತೊಡಗಿದೆ. ಪಂಪಿನೊಳಗಿನ ಡಬ್ಬಿಯಲ್ಲಿ ಔಷಧಿ ಎಷ್ಟು ಉಳಿದಿದೆಯೆಂದು ತಿಳಿಯಲು ಒಂದು ಉಪಾಯವನ್ನು ಆಸ್ಪತ್ರೆಯಲ್ಲಿ ಪಕ್ಕದ ಮಂಚದ ಹೆಂಗಸು ಹೇಳಿಕೊಟ್ಟಿದ್ದಳು. ಡಬ್ಬಿಯನ್ನು ಬಿಚ್ಚಿ ಚೊಂಬಿನ ನೀರಿಗೆ ಬಿಡಬೇಕು. ಮುಳುಗಿದರೆ ತುಂಬಿದೆ, ನೆಟ್ಟಗೆ ನಿಂತರೆ ಅರ್ಧ, ಮಲಗಿ ತೇಲಿದರೆ ಮುಗಿಯಿತು. ದಿನ ಬೆಳಗಾದರೆ ನಾನು ಚೊಂಬಿನ ಮುಂದೆ ಕೂರುವುದನ್ನು ನೋಡಿ ಮಗ, "ಅಮ್ಮ ಏನ್ ಪೂಜೆ ಮಾಡ್ತಿದ್ದಾಳೆ?" ಎಂದು ಅಕ್ಕನನ್ನು ಕೇಳಿದ್ದ.

ಡಬ್ಬಿ ನೆಟ್ಟಗೆ ನಿಂತ ದಿನ ನಾನು ಸೊರಬಕ್ಕೆ ಹೊರಟೆ. ಮದುವೆಗೆ ಮುಂಚೆ ನಾನು ಆರೋಗ್ಯವಾಗಿದ್ದೆ ಎಂದು ತೋರಿಸುವ ಕಾಗದ ಯಾವುದಾದರೂ ತರಬೇಕಿತ್ತು. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸುವಾಗ ಮೆಟ್ಟಿಲು ಹತ್ತಲಾಗದೆ ನಿಂತೆ. ಹಿಂದಿನಿಂದ ಜನ ಗೊಣಗಿದರು. ಕಂಡಕ್ಟರು, "ಬೇಗ ಹತ್ರೀ ಅಕ್ಕಾರೆ, ವಯಸ್ಸೇನು ಆಗಿಲ್ವಲ್ಲ," ಎಂದ. ನನಗಾಗ ಮೂವತ್ತೈದೂ ತುಂಬಿರಲಿಲ್ಲ.

ತವರಿನಲ್ಲಿ ಅಮ್ಮ ನನ್ನ ಮುಖ ನೋಡಿದವಳೇ ಮಣೆ ಹಾಕಿ ಕೂರಿಸಿ, ನೀರು ಕೊಟ್ಟು, ನನ್ನ ಉಸಿರು ತಹಬಂದಿಗೆ ಬರುವ ತನಕ ಏನೂ ಕೇಳಲಿಲ್ಲ. ಆಮೇಲೆ ಎಲ್ಲ ಹೇಳಿದೆ. ಇಷ್ಟು ವರ್ಷ ಬೀಗರ ಮನೆಯ ಮಾತುಗಳನ್ನೆಲ್ಲ ನುಂಗಿಕೊಂಡೇ ಬಂದವಳು ಅಮ್ಮ. ಹೆಣ್ಣು ಕೊಟ್ಟವರು ಎದುರಾಡಬಾರದು ಎಂಬುದು ಅವಳ ಲೆಕ್ಕ. ಆ ದಿನ ಮಾತ್ರ ಅವಳು ತಡೆದುಕೊಳ್ಳಲಿಲ್ಲ.

"ಬಾಯಲ್ಲಿ ಎಂತ ಬೇಕಾದ್ರೂ ಹೇಳ್ಲಿ ಮಾರಾಯ್ತಿ, ಗಾಳಿಗೆ ಹೋಗ್ತದೆ," ಎಂದಳು. "ಬರೆಸೇ ಬಿಟ್ರಲ್ಲೇ. ನಮ್ಮನೇಲಿ ಯಾರಿಗಿತ್ತೇ ಉಬ್ಬಸ? ವರ್ಷ ವರ್ಷ ಚಂದ್ರಗುತ್ತಿ ಬೆಟ್ಟ ನನಗಿಂತ ಮುಂಚೆ ಹತ್ತಿ ಮೇಲೆ ನಿಂತ್ಕಂಡು ಕೂಗ್ತಿದ್ದವಳು ನೀನು."

ಹೌದು, ಹತ್ತುತ್ತಿದ್ದೆ. ಆದರೆ ಬೆಟ್ಟ ಹತ್ತಿದ್ದಕ್ಕೆ ಸರ್ಟಿಫಿಕೇಟ್ ಕೊಡುವ ಕಚೇರಿ ಯಾವುದೂ ಇಲ್ಲ. ಮರುದಿನ ನಾನು ಓದಿದ ಶಾಲೆಗೆ ಹೋದೆ. ಹೆಡ್‌ಮಾಸ್ತರು ನನ್ನ ಕಾಲದವರಲ್ಲ, ಆದರೂ ಬೀರು ತೆಗೆಸಿ, ಇಲಿ ಕಡಿದ ರಿಜಿಸ್ಟರುಗಳ ರಾಶಿಯಲ್ಲಿ ಅರ್ಧ ದಿನ ಹುಡುಕಿದರು. ಏಳನೆಯ ತರಗತಿಯ ಹಾಜರಿ ಸಿಕ್ಕಿತು, ಒಂದೇ ಒಂದು ದಿನ ತಪ್ಪಿರಲಿಲ್ಲ. ತಾಲ್ಲೂಕು ಮಟ್ಟದ ಓಟದಲ್ಲಿ ಎರಡನೆಯ ಸ್ಥಾನ ಬಂದದ್ದೂ ಕ್ರೀಡೆಯ ಪುಸ್ತಕದಲ್ಲಿತ್ತು. ನಾನೇ ಅದನ್ನು ಮರೆತಿದ್ದೆ. ಅವರು ಓದಿ ಹೇಳಿ, ಕುರ್ಚಿಯಲ್ಲಿ ಕೂತು ಏದುಸಿರು ಬಿಡುತ್ತಿದ್ದ ನನ್ನನ್ನೊಮ್ಮೆ ನೋಡಿ, ಬೇಗ ಕಣ್ಣು ತಿರುಗಿಸಿ, ಪತ್ರ ಬರೆಯಲು ಕೂತರು. ನನಗೆ ಅಲ್ಲಿ ಅಳು ಬಂತು. ಓಡುತ್ತಿದ್ದ ಹುಡುಗಿಯೊಬ್ಬಳು ಸತ್ತುಹೋದ ಸುದ್ದಿ ಕೇಳಿದ ಹಾಗಾಯಿತು.

ಶಾಲೆಯ ಪತ್ರ, ಹಿರಿಯ ಡಾಕ್ಟರ ಪತ್ರ ಎರಡನ್ನೂ ಇಟ್ಟುಕೊಂಡು ಶಿವಮೊಗ್ಗದ ವಿಮಾ ಕಚೇರಿಗೆ ಹೋದೆವು. ಈ ಸಲ ಗಂಡನೂ ಬಂದರು. ನಾನೊಬ್ಬಳೇ ಹೋಗಿ ಅಲ್ಲಿ ಬಿದ್ದರೆ ಜನ ಏನೆಂದಾರು ಎಂಬ ಭಯಕ್ಕೆ ಬಂದರೆಂದು ನನ್ನ ಅನುಮಾನ. ಅಧಿಕಾರಿ ನಡುವಯಸ್ಸಿನವರು, ಸಾಧು ಮನುಷ್ಯ. ಎಲ್ಲ ಓದಿ ಕನ್ನಡಕ ತೆಗೆದಿಟ್ಟರು.

"ನಿಮ್ಮ ಮಾತು ನಂಬ್ತೀನಮ್ಮ," ಎಂದರು. "ಆದ್ರೆ ನೀವು ಅಡ್ಮಿಟ್ ಆದ ದಿನದ ಕೇಸ್ ಶೀಟ್ ಇದೆಯಲ್ಲ, ಮೇಲಿನವರು ನೋಡೋದು ಅದನ್ನೇ. ಮಾಹಿತಿ ಕೊಟ್ಟವರು ಅತ್ತೆ ಅಂತ ಬರೆದಿದೆ. ಅವರೇ ಅದು ತಪ್ಪು ಅಂತ ಪ್ರಮಾಣಪತ್ರ ಮಾಡಿಸಿ ಕೊಡಬೇಕು. ಮೇಲ್ಮನವಿಗೆ ಇನ್ನು ಹದಿನೈದು ದಿನ ಇದೆ."

ಬೇರೆ ಯಾರು ಕೊಟ್ಟರೂ ಆಗದೇ ಎಂದು ಗಂಡ ಕೇಳಿದರು. ಆಗದು ಎಂದರು. ನನ್ನ ಔಷಧಿಯೆಲ್ಲ ಈಗ ಒಬ್ಬರ ನಾಲಿಗೆಯ ಮೇಲೆ ಕೂತಿತ್ತು.

ಅತ್ತೆಗೆ ನಾನೇ ಹೇಳಿದೆ. ಭಟ್ಟಿಯ ಕೆಲಸ ಮುಗಿಸಿ ಕಾಲು ತೊಳೆದು ಬಂದು ಕೂತಿದ್ದರು. ನಾನು ಆಸ್ಪತ್ರೆ ಸೇರಿದ ದಿನದಿಂದ ನನ್ನ ಬದಲು ಒಲೆಯ ಬಾಯಿಗೆ ಮತ್ತೆ ಅವರೇ ಕೂರುತ್ತಿದ್ದರು. ಕೇಳಿ, ಸೆರಗಿನಿಂದ ಮುಖ ಒರೆಸಿಕೊಂಡರು.

"ಈ ವಯಸ್ಸಿನಾಗ ನಾನು ಸುಳ್ಳಿ ಅಂತ ಕಾಗದದ ಮ್ಯಾಲೆ ಹೆಬ್ಬೆಟ್ಟು ಒತ್ತಬೇಕಾ?"

"ಸುಳ್ಳು ಅಂತ ಅಲ್ಲ ಅತ್ತೆ. ಗೊತ್ತಿಲ್ದೆ ಹೇಳಿದ್ದು ಅಂತ."

"ನಮ್ಮ ಭಟ್ಟಿ ಹೊಗೆಗೆ ಜಡ್ಡು ಬಂತು ಅಂತ ಬರೆಸಿದ್ರೆ ನಾಳೆ ಕೂಲಿಗೆ ಯಾರು ಬರ್ತಾರ? ಮೂವತ್ತು ವರ್ಷ ನಾ ಕೂತಿಲ್ಲೇನು ಅಲ್ಲಿ? ನನಗೇನಾತು?" ಎಂದವರೇ ಕೆಮ್ಮತೊಡಗಿದರು. ಕೆಮ್ಮು ನಿಲ್ಲುವ ತನಕ ನಾನು ಕಾದೆ. ಅವರು ಗೋಡೆ ಹಿಡಿದು ಉಸಿರು ಎಳೆದುಕೊಂಡರು.

ಆಗ ನನ್ನ ತಾಳ್ಮೆ ಮುಗಿಯಿತು. ಎಷ್ಟೋ ವರ್ಷಗಳಿಂದ ಹೇಳದಿದ್ದ ಒಂದು ಸಂಗತಿಯನ್ನು ಹೇಳಿದೆ. ನನ್ನನ್ನು ನೋಡಲು ಬಂದ ದಿನ ಉಪ್ಪಿಟ್ಟು ಕಾಫಿ ಆದ ಮೇಲೆ ಅತ್ತೆ ನಮ್ಮ ಹಿತ್ತಿಲಿಗೆ ಬಂದು, ಭಟ್ಟಿ ಮನೆಗೆ ಬರುವ ಹುಡುಗಿ ಗಟ್ಟಿ ಇರಬೇಕು ಎಂದು, ಎರಡು ಕೊಡ ನೀರು ಸೇದಿಸಿ, ಒಂದನ್ನು ತಲೆಯ ಮೇಲೆ, ಒಂದನ್ನು ಸೊಂಟದಲ್ಲಿ ಹೊರಿಸಿ, ಬಾವಿಯಿಂದ ಅಡಿಗೆಮನೆ ತನಕ ನಡೆಸಿದ್ದರು. ನಡೆದು ಬಂದ ಕೂಡಲೇ ನನ್ನನ್ನು ಮಾತಾಡಿಸಿ, ಏದುಸಿರು ಬಿಡುತ್ತೇನೆಯೋ ಎಂದು ಎದೆಯ ಕಡೆಗೇ ನೋಡಿದ್ದರು. ನಮ್ಮ ಅಮ್ಮ ಬಾಗಿಲ ಹಿಂದೆ ನಿಂತು ಅವಮಾನದಿಂದ ಕುಗ್ಗಿದ್ದಳು.

"ಅವತ್ತು ನೀವೇ ಅಲ್ವಾ ಹೇಳಿದ್ದು, ಹುಡುಗಿ ಗಟ್ಟಿ ಅದಾಳೆ ಅಂತ?" ಎಂದೆ. "ನನ್ನನ್ನ ಪರೀಕ್ಷೆ ಮಾಡಿ ತಂದವರು ನೀವು. ನಿಮಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತು?"

ಅವರು ಎದ್ದು ಒಳಗೆ ಹೋದರು. ಮುಂದೆ ಐದು ದಿನ ನಮ್ಮಿಬ್ಬರ ನಡುವೆ ಮಾತೇ ಇಲ್ಲ. ಬೇಕಾದದ್ದನ್ನೆಲ್ಲ ಮಕ್ಕಳ ಮೂಲಕ ಹೇಳಿಸಿದೆವು. ಗಂಡ ಇದೇನೂ ತಮಗೆ ಸಂಬಂಧಿಸಿದ್ದಲ್ಲ ಎಂಬಂತೆ ಉಂಡು, ಪೇಪರು ಓದಿ, ಮಲಗುತ್ತಿದ್ದರು.

ಆರನೆಯ ದಿನ ಬೆಳಿಗ್ಗೆ ಡಬ್ಬಿ ಚೊಂಬಿನಲ್ಲಿ ಮಲಗಿ ತೇಲಿತು. ಹಿಂದಿನ ಸಂಜೆಯೇ ಒತ್ತಿದಾಗ ಬರೀ ಗಾಳಿ ಬಂದಿತ್ತು. ಶಾಲೆಗೆ ಹೊರಟ ಮಗಳು ಬಾಚಣಿಗೆ ತಂದು ನನ್ನ ಮುಂದೆ ಕೂತಳು. ತೋಳು ಎತ್ತಿದೆ, ಇಳಿಸಿದೆ, ಮತ್ತೆ ಎತ್ತಿದೆ. ಬೈತಲೆ ತೆಗೆಯುವಷ್ಟರಲ್ಲಿ ಕಣ್ಣು ಕತ್ತಲೆ ಬಂದು ಗೋಡೆಗೊರಗಿದೆ. ಮಗಳು ಹೆದರಿ ಅಳತೊಡಗಿದಳು. ಅತ್ತೆ ಹಿತ್ತಿಲಿನಿಂದ ಬಂದು ನೋಡಿದರು. ಬಾಚಣಿಗೆ ಕೈಗೆತ್ತಿಕೊಂಡು ಎರಡು ಜಡೆ ಹಾಕಿ, ಟೇಪು ಕಟ್ಟಿ, ಮಗುವನ್ನು ಕಳಿಸಿದರು. ಆಮೇಲೆ ಒಳಗೆ ಹೋಗಿ ಒಗೆದ ಸೀರೆ ಉಟ್ಟು ಬಂದರು.

"ಎಲ್ಲಿ ಐತಿ ಆ ಕಾಗದ ಬರೆಯೋನ ಅಂಗಡಿ?"

ತಾಲ್ಲೂಕು ಕಚೇರಿಯ ಹೊರಗೆ ಬೇವಿನ ಮರದ ಕೆಳಗೆ ಟೈಪಿಸ್ಟ್ ಕೂರುತ್ತಿದ್ದ. ಛಾಪಾ ಕಾಗದ ಸಿಕ್ಕಿಸಿ, ಜೊತೆಗೆ ಬಂದಿದ್ದ ಗಂಡ ಹೇಳಿದ್ದನ್ನೆಲ್ಲ ಹೊಡೆದು, ಒಂದು ಕಡೆ ನಿಲ್ಲಿಸಿ ಅತ್ತೆಯನ್ನು ಕೇಳಿದ: "ಆವತ್ತು ಯಾಕೆ ಹಂಗೆ ಹೇಳಿದ್ರಿ ಅಮ್ಮಾರೆ? ಕಾರಣ ಹಾಕ್ಬೇಕಾಗ್ತದೆ."

ಸಾಲಿನಲ್ಲಿ ಕಾಯುತ್ತಿದ್ದವರು ಅಸಹನೆಯಿಂದ ಕಾಲು ಬದಲಿಸಿದರು.

"ನನಗ ಕೆಮ್ಮು ಬಂದಾಗ ನಮ್ಮ ಅತ್ತಿನೂ ಹಂಗೇ ಅಂದಿದ್ರು," ಎಂದರು ಅತ್ತೆ. "ತವರಿಂದ ತಂದಾಳೆ ಅಂತ. ನಾ ಹೌದು ಅಂತಾನೇ ತಿಳಕೊಂಡಿದ್ದೆ. ನಮ್ಮವ್ವಗೂ ಹಂಗೇ ಬೈಕೊಂಡೆ, ಇಂಥಾ ಎದಿ ಕೊಟ್ಟು ಕಳಿಸಿದ್ಯಲ್ಲ ಅಂತ. ಹೆಣ್ಣುಮಕ್ಕಳಿಗೆ ಕೆಮ್ಮು ಅನ್ನೋದು ಹಂಗೇ ಬರ್ತೈತಿ ಅಂದ್ಕೊಂಡಿದ್ದೆ."

ಟೈಪಿಸ್ಟ್ ಗಂಡನ ಮುಖ ನೋಡಿ, 'ತಿಳಿವಳಿಕೆಯ ಕೊರತೆಯಿಂದ' ಎಂದು ಹೊಡೆದ. ಓದಿ ಹೇಳಿದ ಮೇಲೆ ಅತ್ತೆ, ಎರಡು ಕೊಡ ನೀರಿನ ವಿಷಯವನ್ನೂ ಹಾಕಬೇಕೆಂದರು. ಅದೆಲ್ಲ ಬೇಡ ಅಮ್ಮ ಎಂದ ಅವನು. "ಹಾಕ್ರಿ," ಎಂದರು ಅತ್ತೆ. "ನಾನೇ ಹೊರಿಸಿ ನೋಡೇನಿ." ಅವನು ಕೊನೆಗೆ ಒಂದು ಸಾಲು ಸೇರಿಸಿದ. ವಕೀಲರ ಮುಂದೆ ಹೆಬ್ಬೆಟ್ಟು ಒತ್ತಿ, ಮಸಿಯನ್ನು ಬೇವಿನ ಮರಕ್ಕೆ ಉಜ್ಜಿಕೊಂಡು, ಅವರು ನಮಗಿಂತ ಮುಂದೆ ನಡೆದು ಮನೆಗೆ ಬಂದರು. ನಾನು ಕ್ಷಮೆ ಕೇಳಲಿಲ್ಲ, ಅವರೂ ಕೇಳಲಿಲ್ಲ. ನಮ್ಮಲ್ಲಿ ಅದಕ್ಕೆ ರೂಢಿಯಿಲ್ಲ.

ಮೇಲ್ಮನವಿ ಒಪ್ಪಿದ ಕಾಗದ ಬರಲು ಮತ್ತೆರಡು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಹಿರಿಯ ಡಾಕ್ಟರು ಕೊಟ್ಟ ಸ್ಯಾಂಪಲ್ಲಿನಲ್ಲಿ, ಮಾತ್ರೆಯಲ್ಲಿ, ಕೆಲವು ದಿನ ಏನೂ ಇಲ್ಲದೆ ಕಳೆದೆ. ಕಾಗದ ಬಂದಾಗ ಸಂತೋಷವಾಗಬೇಕಿತ್ತು. ಆಯಾಸ ಮಾತ್ರ ಆಯಿತು. ಗೆದ್ದದ್ದಾದರೂ ಏನು, ಜೀವ ಇರುವ ತನಕ ಪಂಪು ಒತ್ತಿಕೊಳ್ಳುವ ಹಕ್ಕು.

ಪಂಪು ಬಂದು ನಾನು ಸ್ವಲ್ಪ ಓಡಾಡುವಂತಾದ ಮೇಲೆ ಅತ್ತೆಯನ್ನು ಶಿವಮೊಗ್ಗದ ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಬರುವುದಿಲ್ಲ ಎಂದು ಒಂದು ವಾರ ಹಟ ಮಾಡಿ ಬಂದರು. ಡಾಕ್ಟರು ಬೆನ್ನಿಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿ, ನನಗಿರುವುದೇ ಇವರಿಗೂ, ನನಗಿಂತ ಮುಂದೆ ಹೋಗಿದೆ ಎಂದು, ಅವೇ ಎರಡು ಪಂಪು ಬರೆದುಕೊಟ್ಟರು.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಕಿಟಕಿಯ ಪಕ್ಕ ಕೂತು ಚೀಟಿಯನ್ನು ಮಡಿಸುತ್ತ, ಬಿಚ್ಚುತ್ತ ಇದ್ದರು.

"ಆ ವಿಮೆಯೋರು ನನಗೂ ಕೊಡ್ತಾರೇನು?"

"ಅದರಲ್ಲಿ ನಿಮ್ಮ ಹೆಸರಿಲ್ಲ ಅತ್ತೆ. ಹೆಂಡ್ತಿ ಮಕ್ಕಳಿಗೆ ಮಾತ್ರ."

"ನಿನಗ ಬರೆದುಕೊಟ್ಟಂಗ ಒಂದು ಕಾಗದ ಬರೆದುಕೊಟ್ರೆ? ಮದುವ್ಯಾಗಿ ಬರೋವಾಗ ನಾ ಚಲೋ ಇದ್ದೆ ಅಂತ."

ನಾನು ಉತ್ತರಿಸುವ ಮುಂಚೆ ಅವರೇ ತಲೆಯಾಡಿಸಿದರು.

"ಬಿಡು. ಅದನ್ನ ಕಂಡೋರು ಯಾರೂ ಉಳಿದಿಲ್ಲ."

ನಾನು ಸಾಕ್ಷಿ ಹೇಳುತ್ತೇನೆ ಎನ್ನಬೇಕೆಂದು ಬಾಯಿ ತೆರೆದೆ. ಆದರೆ ನಾನು ಆ ಮನೆಗೆ ಕಾಲಿಟ್ಟ ಮೊದಲ ಬೆಳಿಗ್ಗೆಯೇ ಅವರು ಹಿತ್ತಿಲಿನಲ್ಲಿ ಕೆಮ್ಮುತ್ತಿದ್ದರು.